ಎರಡು ತೋಳಿಗೆ ಒಂದು ವಂಕಿ

ಮನುಷ್ಯನ ರಕ್ತ ಎಷ್ಟು ತೆಳ್ಳಗಿರಬೇಕು, ಎಷ್ಟು ಗಟ್ಟಿಯಿರಬೇಕು ಎಂದು ಇನ್ನು ಮುಂದೆ ಡಾಕ್ಟರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತೋಳಿಗೆ ಕಟ್ಟಿದ ಒಂದು ಪಟ್ಟಿಯೇ ಎಲ್ಲ ನೋಡಿಕೊಳ್ಳುತ್ತದೆ ಎಂದು 'ಸಮತೋಲ' ಎನ್ನುವ ಕಂಪನಿಯವರು ಬಾಗಲಕೋಟೆಗೆ ಬಂದು ಡಂಗುರ ಹೊಡೆದಾಗ ನಾನು ಸಭೆಯಲ್ಲೇ ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು, ಮುದುಕನಿಗೆ ಹೊಟ್ಟೆಕಿಚ್ಚು ಅಂದರು. ಇತ್ತಪ್ಪಾ, ಇರಲಿಲ್ಲ ಅಂತ ಯಾರು ಹೇಳಿದರು? ಜೀವಮಾನವೆಲ್ಲ ರಕ್ತದ ಡಾಕ್ಟರಾಗಿ ಸವೆದವನಿಗೆ ರಬ್ಬರಿನ ಪಟ್ಟಿಯೊಂದು ಬಂದು ನೀನು ಇನ್ನು ಮನೆಗೆ ಹೋಗು ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಹೊಟ್ಟೆಕಿಚ್ಚಿನವನ ಬಾಯಲ್ಲೂ ಒಮ್ಮೊಮ್ಮೆ ಖರೆ ಬರುತ್ತದೆ. ಅದನ್ನೇ ಹೇಳಲಿಕ್ಕೆ ಹೊರಟಿದ್ದೇನೆ.

ಮೊದಲು ಒಂದಿಷ್ಟು ಶಾಸ್ತ್ರ. ಆಕಳಿಸಬೇಡಿ, ಬೇಗ ಮುಗಿಸುತ್ತೇನೆ. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದಕ್ಕೆ ಬೇಕಾದ ಸರಕನ್ನು ನಮ್ಮ ಯಕೃತ್ತು ತಯಾರು ಮಾಡುತ್ತದೆ. ಆ ಕಾರ್ಖಾನೆ ನಡೆಯಬೇಕಾದರೆ ವಿಟಮಿನ್ ಕೆ ಬೇಕು. ಅದು ಮುಖ್ಯವಾಗಿ ನಾವು ತಿನ್ನುವ ಸೊಪ್ಪಿನಿಂದ ಬರುತ್ತದೆ. ಇನ್ನು ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡವರ ಪಾಡು ಬೇರೆ. ರಕ್ತಕ್ಕೆ ಲೋಹ ಕಂಡರೆ ಆಗುವುದಿಲ್ಲ, ಅದರ ಮೇಲೆ ಹೆಪ್ಪುಗಟ್ಟುತ್ತದೆ, ಕವಾಟ ಸಿಕ್ಕಿಕೊಂಡು ಮನುಷ್ಯ ಹೋಗುತ್ತಾನೆ. ಅದಕ್ಕೆ ಅಂಥವರಿಗೆ ಜೀವ ಇರುವ ತನಕ ರಕ್ತ ತೆಳುವಾಗುವ ಔಷಧ ಕೊಡಬೇಕು. ಈ ಔಷಧ ಏನು ಮಾಡುತ್ತದೆ? ವಿಟಮಿನ್ ಕೆಯ ದಾರಿಗೆ ಅಡ್ಡ ಕೂತು ಕಾರ್ಖಾನೆಯನ್ನು ಅರ್ಧ ಬಂದ್ ಮಾಡುತ್ತದೆ. ಅದು ಅತಿಯಾದರೆ ಹಲ್ಲುಜ್ಜಿದರೂ ರಕ್ತ, ಸೀನಿದರೂ ರಕ್ತ. ಆಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಕಾರ್ಖಾನೆಯನ್ನು ಮತ್ತೆ ಶುರು ಮಾಡಬೇಕು. ಒಂದು ಕಡೆ ಮೆಂತ್ಯದ ಪಲ್ಯ, ಇನ್ನೊಂದು ಕಡೆ ಗುಳಿಗೆ, ನಡುವೆ ತಕ್ಕಡಿ ಹಿಡಿದ ಡಾಕ್ಟರು. ಇಷ್ಟೇ.

ಸಮತೋಲದವರು ಡಾಕ್ಟರ ಕೈಯಿಂದ ಆ ತಕ್ಕಡಿ ಕಸಿದುಕೊಂಡರು. ಎಲೆಯಡಿಕೆಯ ಸುಣ್ಣದ ಡಬ್ಬಿಯಷ್ಟು ಸಣ್ಣ ಯಂತ್ರ, ಅದಕ್ಕೊಂದು ರಬ್ಬರ್ ಪಟ್ಟಿ. ಕೆಳಗೆ ಕೂದಲಿಗಿಂತ ಸಣ್ಣ ಸೂಜಿಗಳು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಒಂದು ಹನಿ ರಕ್ತದ ರುಚಿ ನೋಡುತ್ತದೆ. ಒಳಗೆ ಎರಡು ಚೀಲ. ಒಂದರಲ್ಲಿ ತೆಳು ಮಾಡುವ ಔಷಧ, ಇನ್ನೊಂದರಲ್ಲಿ ವಿಟಮಿನ್ ಕೆ. ಯಾವುದು ಬೇಕೋ ಅದನ್ನು ಅಲ್ಲೇ ಚುಚ್ಚುತ್ತದೆ. ಲೆಕ್ಕವೆಲ್ಲ ಹುಬ್ಬಳ್ಳಿಯ ಕಂಟ್ರೋಲ್ ರೂಮಿಗೆ ಹೋಗುತ್ತದೆ. ತೋಳಿಗೆ ಕಟ್ಟುವುದರಿಂದ ನಮ್ಮ ಹೆಂಗಸರು ಅದಕ್ಕೆ ವಂಕಿ ಅಂತ ಹೆಸರಿಟ್ಟರು. ಬಂಗಾರದ ವಂಕಿ ಹಾಕಿಕೊಳ್ಳುವ ಯೋಗ ಇಲ್ಲದವರಿಗೆ ರಬ್ಬರಿನ ವಂಕಿ.

ವಂಕಿ ಬಂದು ಒಂದು ವರ್ಷದೊಳಗೆ ಔಷಧದ ಅಂಗಡಿಗಳಲ್ಲಿ ಹಳೆಯ ಗುಳಿಗೆ ಕಾಣೆಯಾಯಿತು. ಕೆ ಇಂಜೆಕ್ಷನ್ನೂ ಕಾಣೆಯಾಯಿತು. ಹುಟ್ಟಿದ ಕೂಸಿಗೆ ಕೊಡುವ ಕೆ ಕೂಡ ಕಂಪನಿಯ ಪುಟ್ಟ ಪಟ್ಟಿಯಿಂದಲೇ. ಅಂಗಡಿಯವರನ್ನು ಕೇಳಿದರೆ, "ಯಾರ್ ಕೇಳ್ತಾರ್ರೀ ಡಾಕ್ಟರ, ಎಲ್ಲಾ ವಂಕ್ಯಾಗ ಅದಲ್ಲ" ಅನ್ನುತ್ತಿದ್ದರು. ಊರ ಬಾವಿಗಳನ್ನೆಲ್ಲ ಮುಚ್ಚಿ ಒಂದೇ ನಳ ಇಟ್ಟ ಹಾಗೆ. ನಳದ ತಿರುಪು ಹುಬ್ಬಳ್ಳಿಯಲ್ಲಿ.

ನನ್ನ ಅಕ್ಕ ಚಂಪಾಬಾಯಿ ನವನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಲೋಹದ ಕವಾಟದವಳು. ಗಟ್ಟಿ ಹೆಂಗಸು, ಗಟ್ಟಿ ದನಿ, ಗಟ್ಟಿ ಮಡಿ. ನನಗೆ ಎಪ್ಪತ್ತು ದಾಟಿದ್ದರೂ ಇಂದಿಗೂ "ಪ್ರಾಣ್ಯಾ" ಅಂತಲೇ ಕರೆಯುತ್ತಾಳೆ. ನಾನು ಊರಿಗೆಲ್ಲ ಡಾಕ್ಟರ್ ಪ್ರಾಣೇಶರಾವ್, ಆಕೆಯ ಬಾಗಿಲಲ್ಲಿ ಪ್ರಾಣ್ಯಾ. ಮಗ ಸುಶೀಲೇಂದ್ರ ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ, ಅದರಲ್ಲೂ ಅಂಕಿಸಂಖ್ಯಾಶಾಸ್ತ್ರ. ನಾವು ಶೀಲು ಅನ್ನುತ್ತೇವೆ. ಹೆಂಡತಿ ಅನಘಾ ಮನೆಯಲ್ಲೇ ಕೂತು ಸೀರೆಗಳಿಗೆ ಕಸೂತಿ ಹಾಕಿ ಮಾರುತ್ತಾಳೆ. ತೆಳ್ಳಗೆ ಬಳ್ಳಿಯ ಹಾಗಿದ್ದಾಳೆ, ಮಾತು ಕಡಿಮೆ. ಆ ಮನೆಯಲ್ಲಿ ಮಾತಾಡುವ ಜಾಗವನ್ನೆಲ್ಲ ಅತ್ತೆಯೇ ತುಂಬಿಕೊಂಡಿದ್ದರಿಂದ ಬೇರೆಯವರಿಗೆ ಉಳಿದದ್ದೂ ಅಷ್ಟೇ.

ಹೋದ ದೀಪಾವಳಿಗೆ ಮೊದಲು ಚಂಪಕ್ಕನಿಗೂ ವಂಕಿ ಕಟ್ಟಿದರು. ನಾನು ಬೇಡವೆಂದೆ. ಶೀಲು, "ಮಾಮಾ, ಲಕ್ಷಗಟ್ಟಲೆ ಜನರ ಡೇಟಾ ಅದ ಅವರ ಹತ್ರ. ನಿಮ್ಮ ಹತ್ರ ಏನದ?" ಅಂದ. ನನ್ನ ಹತ್ತಿರ ನಿಮ್ಮವ್ವನ ನಾಡಿ ಇತ್ತಲ್ಲೋ ಮಂಗ್ಯಾ ಅನ್ನಬೇಕೆಂದಿದ್ದೆ. ಪ್ರೊಫೆಸರನ ಜೊತೆ ಬಾಯಿ ಹಚ್ಚಿದರೆ ಹೊತ್ತು ಹೋಗುತ್ತದೆಂದು ಸುಮ್ಮನಾದೆ.

ಯುಗಾದಿಯ ಸುಮಾರಿಗೆ ಕಂಪನಿಯವರು ನನ್ನನ್ನು ಹುಬ್ಬಳ್ಳಿಗೆ ಕರೆದರು. ಹಿರಿಯರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವ ಚಟ ಎಲ್ಲ ಕಳ್ಳರಿಗೂ ಇರುತ್ತದೆ. ಕಂಟ್ರೋಲ್ ರೂಮು ಅಂದರೆ ಸಿನೆಮಾ ಥೇಟರಿನಷ್ಟು ದೊಡ್ಡ ಕೋಣೆ, ಗೋಡೆ ತುಂಬ ಪರದೆ, ಎದುರಿಗೆ ಸಾಲಾಗಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು. ಒಳಗೆ ಕೆಟ್ಟ ಚಳಿ. ಅಲ್ಲಿನ ಮುಖ್ಯಸ್ಥ ಡಾ. ತನ್ಮಯ ಹಂಚಿನಾಳ. ಡಾಕ್ಟರ್ ಅಂದೆ, ಆದರೆ ಪುಣ್ಯಾತ್ಮ ಕೊನೆಯ ಸಲ ಒಬ್ಬ ರೋಗಿಯನ್ನು ಮುಟ್ಟಿದ್ದು ಯಾವಾಗಲೋ. ಅಂಗೈ ನೋಡಿದರೆ ಗೊತ್ತಾಗುತ್ತದೆ, ಹೂವಿನ ಹಾಗಿತ್ತು.

"ಸರ್, ನಿಮ್ಮ ಬಾಗಲಕೋಟಿ ನವನಗರ ಇಡೀ ರಾಜ್ಯಕ್ಕ ಫಸ್ಟ್ ಬಂದದ" ಅಂದ.

"ಯಾತರಾಗ?"

"ಸ್ಥಿರತಾದಾಗ ಸರ್. ನೋಡ್ರಿ, ಇದು ನಿಮ್ಮ ಅಕ್ಕಾರದೇ."

ಪರದೆಯ ಮೇಲೆ ಚಂಪಕ್ಕನ ಹೆಸರು, ಅದರ ಮುಂದೆ ಒಂದು ಹಸಿರು ಗೆರೆ. ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ರಕ್ತ ಎಷ್ಟು ತೆಳು ಎನ್ನುವುದಕ್ಕೆ ನಮ್ಮಲ್ಲಿ ಒಂದು ಅಳತೆ ಇದೆ. ಸಾಮಾನ್ಯ ಮನುಷ್ಯನದು ಒಂದು, ಕವಾಟದವರದು ಮೂರರ ಆಸುಪಾಸಿನಲ್ಲಿರಬೇಕು. ಚಂಪಕ್ಕನದು ಮೂರಕ್ಕೆ ಅಂಟಿಕೊಂಡು ಕೂತಿತ್ತು. ನಾನು ನೋಡಿಕೊಳ್ಳುವಾಗ ಆಕೆಯ ಅಳತೆ ಒಂದು ವಾರ ನಿಂತಲ್ಲಿ ನಿಂತದ್ದಿಲ್ಲ. ಒಂದು ಹೊತ್ತು ಪುಂಡಿ ಸೊಪ್ಪಿನ ಪಲ್ಯ ಹೆಚ್ಚಿಗೆ ಉಂಡರೆ ಕೆಳಗೆ, ಏಕಾದಶಿ ಮಾಡಿದರೆ ಮೇಲೆ.

"ಇದು ಜೀವಂತ ಮನುಷ್ಯಾರ ಗೆರಿ ಅಲ್ಲೋ ತಮ್ಮಾ" ಅಂದೆ. "ಮುಂಜಾನಿದು ಸಂಜಿದು ಬ್ಯಾರೆ ಬ್ಯಾರೆ ತೋರಸು."

"ಅವೆಲ್ಲ ಕಚ್ಚಾ ಸರ್. ಏರಿಳಿತ ಭಾಳ ಇರ್ತದ, ಯಾರೂ ನೋಡೂದಿಲ್ಲ. ಸಿಸ್ಟಮ್ ಸರಾಸರಿ ತಗೊಂಡು, ಅದರ ಮ್ಯಾಲ ಡೋಸ್ ಕೊಡ್ತದ."

"ನೀನೂ ನೋಡೂದಿಲ್ಲೇನು?"

"ಟೈಮ್ ಎಲ್ಲದ ಸರ್" ಎಂದು ನಕ್ಕು, ಶಾಲು ಹೊದಿಸಿದ. ಶಾಲೂ ನೈಲಾನಿನದು.

ಮಾರನೆಯ ದಿನ ಹಬ್ಬದ ಊಟಕ್ಕೆ ಚಂಪಕ್ಕನ ಮನೆಗೆ ಹೋದೆ. ಓಣಿಯ ಮೂಲೆಯಲ್ಲೇ ರಮಾಬಾಯಿ ಎನ್ನುವ ನೆರೆಯವಳು ತಡೆದು ದನಿ ಇಳಿಸಿ, "ಡಾಕ್ಟರ, ನಿಮ್ಮ ಅಳಿಯಗ ಒಂದ್ಮಾತು ಹೇಳ್ರಿ. ಕಲಿತಾಂವ ಹಿಂಗ ಮಾಡೂದೇನು? ಆ ಹುಡುಗಿ ಮೈಯೆಲ್ಲಾ ನೀಲಿ ಆಗೇದ" ಅಂದಳು. ಅಳಿಯ ಅಂದರೆ ಶೀಲು, ಅಕ್ಕನ ಮಗ. ಗೋಡೆಯ ಮೇಲಿನ ಹಲ್ಲಿಯನ್ನು ಓಡಿಸಲಿಕ್ಕೂ ಹೆದರುವ ಪ್ರಾಣಿ, ಹೆಂಡತಿಯನ್ನು ಹೊಡೆಯುತ್ತಾನೆಯೇ? ಆದರೂ ಒಳಗೆ ಹೋಗಿ ನೋಡಿದರೆ ಅನಘಾ ಬಡಿಸಲಿಕ್ಕೆ ಬಗ್ಗಿದಾಗ ಮೊಣಕೈ ಮೇಲೆ ಅಂಗೈಯಗಲ ನೀಲಿ ಗುರುತು, ಕುತ್ತಿಗೆಯ ಹತ್ತಿರ ಇನ್ನೊಂದು.

"ಏನವಾ ಅದು?"

"ಬಾಗಲಾ ಬಡಿತ್ರೀ ಮಾಮಾ."

"ಕುತಗಿಗೂ ಬಾಗಲಾ ಬಡೀತೇನು?"

ಅನಘಾ ಅತ್ತೆಯ ಮುಖ ನೋಡಿದಳು. ಚಂಪಕ್ಕ, "ಮೈ ನಾಜೂಕು ಆಕಿದು. ಸೂಜಿ ಚುಚ್ಚಿದ್ರೂ ರಕ್ತ ನಿಲ್ಲೂದಿಲ್ಲ. ಮೊನ್ನೆ ಯಾರದೋ ಸೀರಿ ಮ್ಯಾಲ ರಕ್ತದ ಕಲಿ ಬಿದ್ದು, ಅವರು ತಿರುಗಿ ಕಳಿಸ್ಯಾರ. ನೀ ಹೋಳಿಗಿ ತಿನ್ನು" ಅಂದಳು. ಶೀಲು ತಾಟಿನೊಳಗೆ ಮುಖ ಹುದುಗಿಸಿದ್ದ. ಊಟದ ಮೇಲೆ ಅವನನ್ನು ಹೊರಗೆ ಕರೆದು, "ಖರೇ ಹೇಳು, ಕೈ ಮಾಡ್ತೀಯೇನು?" ಅಂದೆ. ಪಾಪ, ಅಳುವಂತಾದ. "ಮಾಮಾ, ಆಕಿ ಸಿಟ್ಟಾದ್ರ ನಾನ ಪಡಸಾಲ್ಯಾಗ ಮಲಗ್ತೀನಿ!"

ಇದು ರಕ್ತದ ರೋಗ, ಪರೀಕ್ಷೆ ಮಾಡಿಸಬೇಕು, ಸೋಮವಾರ ಕರೆದುಕೊಂಡು ಬಾ ಎಂದು ಹೇಳಿ ಬಂದೆ. ಅವರು ಸೋಮವಾರ ಬಂದರೇ? ಇಲ್ಲ. ಅನಘಾಗೆ ಹಲ್ಲುನೋವು ಎದ್ದಿತ್ತಂತೆ, ಹಲ್ಲಿನ ಡಾಕ್ಟರ ಹತ್ತಿರ ಹೋದರು. ಅವನು ರಕ್ತ ತೆಳುವಾಗುವ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದನಂತೆ. ಕೇಳಿದ್ದು ಅವನ ಪುಣ್ಯ. ಅನಘಾ ಇಲ್ಲವೆಂದಳು. ಆಕೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ಸಂಜೆ ಹಿಂದಿನ ದವಡೆ ಹಲ್ಲು ಕಿತ್ತ.

ಮರುದಿನ ನಾನು ಚಹಾ ಕುಡಿಯುತ್ತಿದ್ದಾಗ ಶೀಲುವಿನ ಫೋನು. "ಮಾಮಾ, ರಕ್ತ ನಿಲ್ಲವಲ್ದು. ರಾತ್ರೆಲ್ಲಾ ನುಂಗ್ಯಾಳ. ಈಗ ವಾಂತಿ ಮಾಡಿದ್ಲು, ಕಪ್ಪಗ ಬಂತು."

ಹಳೆಯ ಚೀಲ ಎತ್ತಿಕೊಂಡು ಹೋದೆ. ಪಡಸಾಲೆಯ ತೂಗುಮಣೆಯ ಮೇಲೆ ಅನಘಾಳನ್ನು ಒರಗಿಸಿದ್ದರು. ಮುಂದೆ ಸ್ಟೀಲಿನ ಬೋಗುಣಿ. ತುಟಿ ಬಿಳಿಚಿ ಸುಣ್ಣವಾಗಿತ್ತು, ನಾಡಿ ದಾರದಂತೆ ಹರಿಯುತ್ತಿತ್ತು. ಬಟ್ಟೆ ಸುತ್ತಿ ಹಲ್ಲಿನ ಕುಳಿಗೆ ಒತ್ತಿ ಹಿಡಿದೆ. ಬಟ್ಟೆ ತೋಯ್ದು ಬೆರಳ ಸಂದಿಯಿಂದ ಇಳಿಯಿತು. ರಕ್ತದೊತ್ತಡ ನೋಡಲೆಂದು ಸೆರಗು ಸರಿಸಿದೆ. ತೋಳಿನ ಮೇಲೆ ವಂಕಿ.

ಹಸಿರು ದೀಪ ಮಿನುಗಿತು. ಒಳಗೆ ಏನೋ ಸಣ್ಣಗೆ ಗುರ್ ಅಂದಿತು. ನನ್ನ ಕಣ್ಣೆದುರಿಗೇ ಆ ಯಂತ್ರ ಸಾಯುತ್ತಿರುವ ಹುಡುಗಿಯ ಮೈಯೊಳಗೆ ಇನ್ನೊಂದಿಷ್ಟು ತೆಳು ಮಾಡುವ ಔಷಧ ಹೊಡೆಯಿತು.

"ಇದು ಈಕಿ ಕೈಯಾಗ ಯಾಕದ?" ಎಂದು ಕೂಗಿದೆ. ಬಿಚ್ಚಲು ಕೈ ಹಾಕಿದೆ.

ಅಡುಗೆ ಮನೆಯೊಳಗಿಂದ ಚಂಪಕ್ಕನ ದನಿ. "ಪ್ರಾಣ್ಯಾ, ಬಿಚ್ಚಬ್ಯಾಡ! ಬೊಂಬಡಾ ಹೊಡೀತದ ಅದು. ನಾ ಮಡೀಲಿದ್ದೀನಿ."

ಆಗ ತಿಳಿಯಿತು. ಮಡಿಯುಟ್ಟು ಒಲೆಯ ಮುಂದೆ ನಿಲ್ಲುವವಳು ರಬ್ಬರಿನ ಪಟ್ಟಿ ಕಟ್ಟಿಕೊಂಡು ನೈವೇದ್ಯ ಮಾಡುವುದುಂಟೇ? ರಬ್ಬರು ಹೋಗಲಿ, ಅದು ರಕ್ತ ಕುಡಿಯುವ ವಸ್ತು, ಅದಕ್ಕಿಂತ ಮೈಲಿಗೆ ಇನ್ನೇನಿದೆ? ಬಿಚ್ಚಿಟ್ಟರೆ ವಂಕಿ ಬೊಬ್ಬೆ ಹೊಡೆಯುತ್ತದೆ, ಹುಬ್ಬಳ್ಳಿಯಿಂದ ಫೋನ್ ಬರುತ್ತದೆ, ಮೂರು ಸಲ ಹಾಗಾದರೆ ಯೋಜನೆಯಿಂದ ಹೊರಗೆ. ಮುಂಜಾನೆಯ ಹೊತ್ತು ಬದಲಿಸಿ ಕೊಡಿ ಎಂದು ಚಂಪಕ್ಕ ಫೋನಿನಲ್ಲಿ ಕೇಳಿದ್ದಳಂತೆ. ಹಾಗೆ ಬದಲಿಸಲು ಬರುವುದಿಲ್ಲ ಅಂದರಂತೆ. ವಂಕಿಗೆ ಬೇಕಾದದ್ದು ಬೆಚ್ಚಗಿನ ಒಂದು ತೋಳು, ಯಾರ ತೋಳು ಎನ್ನುವುದು ಅದಕ್ಕೆ ತಿಳಿಯುವುದಿಲ್ಲ. ಇನ್ನೊಬ್ಬರ ಸೂಜಿಯನ್ನು ಯಾವ ಹುಚ್ಚ ಚುಚ್ಚಿಸಿಕೊಳ್ಳುತ್ತಾನೆ ಎಂದು ಕಂಪನಿಯವರು ಆ ವಿಚಾರವನ್ನೇ ಬಿಟ್ಟಿದ್ದರು. ಸೊಸೆ ಎನ್ನುವ ಪ್ರಾಣಿಯನ್ನು ಅವರು ಕಂಡೇ ಇಲ್ಲ.

"ಯಾವಾಗಿಂದ?"

"ದೀಪಾವಳಿಯಿಂದ" ಅಂದ ಶೀಲು. "ದಿನಾ ಮುಂಜಾನೆ ಅಷ್ಟ ಮಾಮಾ, ಅವ್ವ ಊಟಾ ಮಾಡೂತನಕ. ರಿಪೋರ್ಟ್ ಎಲ್ಲಾ ಚಲೋನ ಬರ್ತಿತ್ತು, ಸರಾಸರಿ..."

"ಸರಾಸರಿ! ನಿನ್ನ ತಲಿ ಒಲ್ಯಾಗ, ಕಾಲು ಬರ್ಫಿನ್ಯಾಗ ಇಟ್ರ ಸರಾಸರಿ ಆರಾಮ ಇರ್ತೀಯೇನೋ ಪ್ರೊಫೆಸರ್?"

ಲೆಕ್ಕ ಹೀಗೆ. ಮುಂಜಾನೆ ಸೊಸೆಯ ರಕ್ತ, ಸಂಜೆ ಅತ್ತೆಯ ರಕ್ತ. ವಂಕಿ ಎರಡನ್ನೂ ಕೂಡಿಸಿ ಭಾಗಿಸಿ, ಚಂಪಾಬಾಯಿಯ ರಕ್ತ ಇಷ್ಟು ಎಂದು ತಿಳಿದು, ಅರ್ಧ ಔಷಧ ಮುಂಜಾನೆ ಸೊಸೆಗೆ, ಅರ್ಧ ಸಂಜೆ ಅತ್ತೆಗೆ ಕೊಡುತ್ತ ಬಂತು. ಸೊಸೆ ಬಳ್ಳಿಯಂಥವಳು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವವಳು. ಆಕೆಗೆ ಅರ್ಧ ಔಷಧವೇ ವಿಷವಾಯಿತು. ಅತ್ತೆಗೆ ದಿನಕ್ಕೆರಡು ನಮೂನೆ ಸೊಪ್ಪು, ಎಮ್ಮೆಯಂಥ ಮೈ. ಆಕೆಗೆ ಅರ್ಧ ಔಷಧ ಎಲ್ಲಿಗೂ ಸಾಲಲಿಲ್ಲ. ಒಬ್ಬಳು ರಕ್ತ ಸುರಿದು ಸಾಯುವವಳು, ಇನ್ನೊಬ್ಬಳು ರಕ್ತ ಹೆಪ್ಪುಗಟ್ಟಿ ಸಾಯುವವಳು. ಇಬ್ಬರ ಸರಾಸರಿ ಉತ್ತಮ ಆರೋಗ್ಯ. ರಾಜ್ಯಕ್ಕೆ ಫಸ್ಟ್.

ಆಸ್ಪತ್ರೆಗೆ ಫೋನ್ ಮಾಡಿದೆ. ಕೆ ಇಂಜೆಕ್ಷನ್ ಇಲ್ಲ, ಹೆಪ್ಪಿನ ಸರಕು ಸಿದ್ಧವಾಗಿರುವ ಪ್ಲಾಸ್ಮಾ ಬೇರೆ ಊರಿನಿಂದ ಬರಬೇಕು, ತರಿಸುತ್ತೇವೆ, ಅಷ್ಟರಲ್ಲಿ ಕರೆತನ್ನಿ ಅಂದರು. ಅಷ್ಟರಲ್ಲಿ ಎಂದರೆ ಎಷ್ಟರಲ್ಲಿ? ಆ ನಾಡಿ ಅಷ್ಟು ಹೊತ್ತು ಕಾಯುವ ಹಾಗೆ ಕಾಣಲಿಲ್ಲ. ಆ ಮನೆಯಲ್ಲಿ ಕೆ ಇದ್ದದ್ದು ಒಂದೇ ಕಡೆ, ಆಕೆಯ ತೋಳಿನ ಮೇಲೆ, ಕೂದಲೆಳೆಯ ಅಂತರದಲ್ಲಿ. ತನ್ಮಯನಿಗೆ ಫೋನ್ ಮಾಡಿದೆ.

"ತಮ್ಮಾ, ಚಂಪಾಬಾಯಿ ವಂಕಿಯಿಂದ ಕೆ ಬಿಡು. ಪೂರ್ತಿ ಚೀಲ. ಈಗಿಂದೀಗ."

ಕೀಲಿಮಣೆಯ ಟಕಟಕ ಕೇಳಿಸಿತು. "ಸರ್, ಅವರ ಸರಾಸರಿ ಮೂರದ. ಭಾಳ ಚಂದ ಅದ."

"ಇವತ್ತ ಮುಂಜಾನಿ ಓದು ನೋಡು."

"ಅದು... ಒಂಬತ್ತು ತೋರಸ್ತದ. ಸೆನ್ಸರ್ ತಪ್ಪಿರಬೇಕು ಸರ್, ಸಿಸ್ಟಮ್ ಅದನ್ನ ಸರಾಸರ್ಯಾಗ ಹಿಡಿದಿಲ್ಲ. ಅವರಿಗೆ ಒಂಬತ್ತು ಆಗಲಿಕ್ಕೆ ಶಕ್ಯ ಇಲ್ಲ."

"ಆಕಿದಲ್ಲೋ ಅದು! ಸೊಸಿದು. ಸೊಸಿ ಕೈಗೆ ಕಟ್ಯಾರ. ನನ್ನ ಮುಂದ ರಕ್ತಾ ಕಾರ್ಲಿಕ್ಕತ್ತಾಳ."

ಆ ಕಡೆ ಮತ್ತೆ ಕೀಲಿಮಣೆಯ ಟಕಟಕ. ನಂತರ ಅವನ ದನಿಯೇ ಬದಲಾಯಿತು, ವಕೀಲರು ಮಾತಾಡುವ ಹಾಗೆ. "ಸರ್, ಹಂಗಾದ್ರ ಅವರು ನಮ್ಮ ಪೇಶಂಟ್ ಅಲ್ಲ. ನೋಂದಣಿ ಇಲ್ಲದವರಿಗೆ ಕೆ ಬಿಡೋ ಅಧಿಕಾರ ನನಗಿಲ್ಲ."

"ಲೇ, ರಕ್ತಾ ತೆಳ್ಳಗ ಮಾಡ್ಲಿಕ್ಕೆ ನೋಂದಣಿ ಬೇಕಾಗಿದ್ದಿಲ್ಲ, ನಿಲ್ಲಸ್ಲಿಕ್ಕೆ ಬೇಕಾತೇನು?"

"ವಂಕಿ ಬಿಚ್ಚಬ್ಯಾಡ್ರಿ ಸರ್, ಒಡದ್ರ ಚಂಪಾಬಾಯಿಯವರ ಸದಸ್ಯತ್ವ ಕಾಯಂ ರದ್ದಾಗ್ತದ. ಅವರಿಗೆ ಮುಂದ ಔಷಧ ಎಲ್ಲೂ..." ನಾನು ಫೋನನ್ನು ಸೋಫಾದ ಮೇಲೆ ಎಸೆದೆ. ಅದು ಮುಖ ಕೆಳಗೆ ಮಾಡಿ ಬಿದ್ದು ಇನ್ನೂ ಗೊಣಗುತ್ತಿತ್ತು.

ಆದರೆ ಅವನು ಹೇಳಿದ್ದು ಸುಳ್ಳಲ್ಲ. ವಂಕಿ ಒಡೆದರೆ ಚಂಪಕ್ಕನಿಗೆ ನಾಳೆಯಿಂದ ಏನು? ಗುಳಿಗೆ ಎಲ್ಲಿ ಹುಡುಕಲಿ? ಅಡುಗೆ ಮನೆಯ ಹೊಸ್ತಿಲಿಗೆ ಹೋಗಿ ನಿಂತೆ. ಮಡಿಸೀರೆಯಲ್ಲಿ ಒಲೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಸೌಟು.

"ಅಕ್ಕಾ, ಅದನ್ನ ಒಡೀಬೇಕು. ಒಡದ್ರ ನಿನಗ ಇನ್ನ ಔಷಧ ಸಿಗೂದಿಲ್ಲ."

"ಒಡೀದಿದ್ರ?"

"ಸೊಸಿ ಉಳಿಯೂದಿಲ್ಲ."

ಸೌಟು ಕೆಳಗಿಟ್ಟಳು. ಸೀದಾ ಹೊರಗೆ ಬಂದು ತೂಗುಮಣೆಯ ಮೇಲೆ ಕೂತು, ಅನಘಾಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ನನ್ನ ಬಟ್ಟೆ ತೆಗೆದು ತನ್ನ ಮಡಿಸೀರೆಯ ಸೆರಗನ್ನೇ ಆಕೆಯ ಬಾಯಿಗೆ ಒತ್ತಿ ಹಿಡಿದಳು. ಬಿಳಿ ಸೆರಗು ಕೆಂಪಾಯಿತು. ಶೀಲು, "ಅವ್ವಾ, ಮಡಿ..." ಅಂದ.

"ಸುಮ್ಮನಿರೋ, ಶಾಣ್ಯಾತನ ಮಾಡಬ್ಯಾಡ. ಮಡಿ ನಾಳೆ ಮತ್ತ ಉಟ್ಕೊಂಡ್ರಾತು. ಸೊಸಿ ಮತ್ತ ಸಿಗ್ತಾಳೇನು? ಪ್ರಾಣ್ಯಾ, ಏನು ನಿಂತು ನೋಡ್ತೀ? ಒಡಿ!"

ಈ ಬುದ್ಧಿ ದೀಪಾವಳಿಗೆ ಬಂದಿದ್ದರೆ ಏನಾಗುತ್ತಿತ್ತು ಮಹಾತಾಯಿ ಎಂದು ಬೈಯಬೇಕೆನ್ನಿಸಿತು. ಬೈಯಲು ಪುರುಸೊತ್ತಿರಲಿಲ್ಲ.

ವಂಕಿ ಬಿಚ್ಚಿದೆ. ಬೊಬ್ಬೆ ಶುರುವಾಯಿತು, ಓಣಿಯ ನಾಯಿಗಳೆಲ್ಲ ಅದಕ್ಕೆ ಉತ್ತರ ಕೊಟ್ಟವು. ಈಳಿಗೆಯ ಮೇಲಿಟ್ಟು ಮೇಲಿನಿಂದ ಒರಳಿನ ಗುಂಡಿನಿಂದ ಹೊಡೆದೆ. ಡಬ್ಬಿ ಬಿರಿಯಿತು, ಬೊಬ್ಬೆ ನಿಂತಿತು. ಒಳಗೆ ಎರಡು ಚೀಲ, ಎರಡಕ್ಕೂ ಹೆಸರಿಲ್ಲ, ಬರೀ ಗೆರೆಗಳ ಸಂಕೇತ. ತಪ್ಪು ಚೀಲ ಹಿಡಿದರೆ ನಾನೇ ಆಕೆಯನ್ನು ಕೊಂದ ಹಾಗೆ. ಒಂದು ಚೀಲ ಪಾರದರ್ಶಕ, ಇನ್ನೊಂದು ಕಪ್ಪು. ವಿಟಮಿನ್ ಕೆಗೆ ಬೆಳಕು ತಾಕಿದರೆ ಕೆಡುತ್ತದೆ, ಅದನ್ನು ಕತ್ತಲಲ್ಲೇ ಇಡಬೇಕು. ಕಪ್ಪು ಚೀಲಕ್ಕೆ ಸೂಜಿ ಹಾಕಿ ಎಳೆದೆ. ಸಿರಿಂಜಿನಲ್ಲಿ ಹಳದಿ ಬಣ್ಣ ಏರಿತು. ಅದೇ.

ಸಲೈನ್ ಬಾಟಲಿಯೊಳಗೆ ಅದನ್ನು ಬೆರೆಸಿ, ತೂಗುಮಣೆಯ ಸರಪಳಿಗೆ ಬಾಟಲಿ ಕಟ್ಟಿದೆ. ಇದನ್ನು ಒಮ್ಮೆಲೇ ಬಿಟ್ಟರೆ ಕೆಲವರು ಉಸಿರು ಕಟ್ಟಿ ಅಲ್ಲೇ ಹೋಗುತ್ತಾರೆ, ಹನಿ ಹನಿಯಾಗಿ ಬಿಡಬೇಕು. ಶೀಲು ಕಾರು ಹೊರಗೆ ತಂದ. ಬಾಟಲಿಯನ್ನು ನಾನು ಎತ್ತಿ ಹಿಡಿದೆ, ತಲೆಯನ್ನು ಚಂಪಕ್ಕ ಹಿಡಿದಳು. ಕಾರಿನ ಬಾಗಿಲ ಹತ್ತಿರ ರಮಾಬಾಯಿ ನಿಂತು, "ಅಯ್ಯಯ್ಯ, ಹೊಡದೇ ಹಾಕಿದ್ನೇನ್ರಿ!" ಅಂದಳು. ಮೊಣಕೈಯಿಂದ ಆಕೆಯನ್ನು ಸರಿಸಿ ಬಾಗಿಲು ಎಳೆದುಕೊಂಡೆ.

ಕೆ ಎಂದರೆ ಮಂತ್ರವಲ್ಲ. ಕಾರ್ಖಾನೆ ಮತ್ತೆ ಶುರುವಾಗಿ ಸರಕು ಹೊರಬರಲು ತಾಸುಗಟ್ಟಲೆ ಬೇಕು. ಪ್ಲಾಸ್ಮಾ ಮಧ್ಯಾಹ್ನದ ಹೊತ್ತಿಗೆ ಬಂತು. ಹಗಲೆಲ್ಲ ಅಲ್ಲೇ ಕೂತೆ. ಹೊತ್ತು ಇಳಿಯುವಾಗ ನರ್ಸು ಹೊಸ ಬಟ್ಟೆ ಇಟ್ಟಳು. ಸ್ವಲ್ಪ ಹೊತ್ತಿಗೆ ನೋಡಿದರೆ ಗುಲಾಬಿ ಬಣ್ಣ ಅಷ್ಟೇ. ಆಮೇಲೆ ನೋಡಿದರೆ ಬಿಳಿ. ಅನಘಾ ಕಣ್ಣು ಬಿಟ್ಟು, "ಅತ್ತಿಯವರು ಉಂಡ್ರೇನು?" ಅಂದಳು. ಇಂಥವರನ್ನು ಯಾವ ಔಷಧದಿಂದ ವಾಸಿ ಮಾಡಬೇಕೋ ನನಗೆ ಗೊತ್ತಿಲ್ಲ.

ಅತ್ತಿಯವರು ಉಣ್ಣುವ ಸ್ಥಿತಿಯಲ್ಲಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದಳು. ಎದೆಗೆ ಸ್ಟೆತೋಸ್ಕೋಪ್ ಇಟ್ಟೆ. ಲೋಹದ ಕವಾಟ ಗಡಿಯಾರದ ಹಾಗೆ ಟಕ್ ಟಕ್ ಅನ್ನಬೇಕು. ಇದು ಬಟ್ಟೆಯಲ್ಲಿ ಸುತ್ತಿದ ಗಡಿಯಾರದ ಹಾಗೆ ಮಂದವಾಗಿ ಬಡಿಯುತ್ತಿತ್ತು. ಕವಾಟದ ಮೇಲೆ ಹೆಪ್ಪುಗಟ್ಟಿತ್ತು. ಆಕೆಯನ್ನೂ ಪಕ್ಕದ ಹಾಸಿಗೆಗೆ ಹಾಕಿದೆವು. ಸೊಸೆಗೆ ರಕ್ತ ಗಟ್ಟಿಯಾಗಲಿಕ್ಕೆ ಬಾಟಲಿ, ಅತ್ತೆಗೆ ಹೆಪ್ಪು ಕರಗಲಿಕ್ಕೆ ಬಾಟಲಿ. ಬಾಟಲಿ ಬದಲಾಗದ ಹಾಗೆ ನಡುವೆ ನಾನು ಕಾವಲು. ಇಬ್ಬರೂ ಉಳಿದರು. ಹೆಪ್ಪಿನ ಒಂದು ಚೂರು ಮಿದುಳಿಗೆ ಹೋಗಿದ್ದರಿಂದ ಚಂಪಕ್ಕನ ಎಡಗೈ ಬೆರಳುಗಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ. ಔಷಧಕ್ಕಾಗಿ ನಾನು ಊರೂರು ತಿರುಗಿ, ಗಡಿಯಾಚೆಯ ಒಂದು ಹಳೆಯ ಅಂಗಡಿಯಲ್ಲಿ ಗುಳಿಗೆ ಹಿಡಿದೆ. ಈಗ ವಾರವಾರ ನಾನೇ ಹೋಗಿ ಬೆರಳು ಚುಚ್ಚಿ ನೋಡುತ್ತೇನೆ. ಪುಂಡಿ ಪಲ್ಯದ ಮೇಲೆ ನಮ್ಮಿಬ್ಬರಿಗೂ ವಾರವಾರ ಜಗಳ.

ಇಬ್ಬರೂ ಮನೆಗೆ ಬಂದ ಮೇಲೆ ನಾನು ಹುಬ್ಬಳ್ಳಿಗೆ ಹೋಗಿ ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕಚ್ಚಾ ಓದು ತೋರಿಸುವ ತನಕ ಏಳುವುದಿಲ್ಲ, ಬೇಕಾದರೆ ಪೊಲೀಸರನ್ನು ಕರೆಯಿರಿ ಅಂದೆ. ಮುದುಕರನ್ನು ಎತ್ತಿ ಹೊರಗೆ ಹಾಕಿದರೆ ವಿಡಿಯೋ ಆಗುತ್ತದೆಂದು ಹೆದರಿ ತೋರಿಸಿದರು. ಪರದೆಯ ಮೇಲೆ ಹಸಿರು ಗೆರೆ ಹೋಗಿ ಗರಗಸ ಬಂತು. ಮುಂಜಾನೆ ಮೇಲೆ, ಸಂಜೆ ಕೆಳಗೆ, ಮುಂಜಾನೆ ಮೇಲೆ, ಸಂಜೆ ಕೆಳಗೆ, ದಿನ ಬಿಡದೆ. ಚಿಕ್ಕ ಕೂಸಿಗೆ ತೋರಿಸಿದರೂ ಇವು ಇಬ್ಬರವು ಎಂದು ಹೇಳುತ್ತಿತ್ತು.

"ಇನ್ನ ಎಷ್ಟು ಮನ್ಯಾಗ ಹಿಂಗ ಗರಗಸ ಅದ?" ಎಂದೆ.

ತನ್ಮಯ ಕೀಲಿ ಒತ್ತಿದ. ಪರದೆ ತುಂಬ ಗರಗಸಗಳು ಏಳತೊಡಗಿದವು. ನಮ್ಮ ನವನಗರ, ಅದರಾಚೆ ಮಠದ ಓಣಿಗಳು, ಮುಂದಿನ ಊರುಗಳು. ಒಂದೊಂದು ಹಲ್ಲಿನ ತುದಿಗೂ ಒಬ್ಬೊಬ್ಬ ಸೊಸೆ, ಮಗಳು, ಅಡುಗೆಯವಳು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಎದ್ದು ನಿಂತು ಬಾಯಿಗೆ ಕೈ ಇಟ್ಟುಕೊಂಡಳು. ತನ್ಮಯ ಮಾತ್ರ, "ಹೈ ಲೆವೆಲ್ ಕಮಿಟಿ ಮಾಡ್ತೀವಿ ಸರ್" ಅಂದ. ಕಮಿಟಿಯವರಾದರೂ ಏನು ಮಾಡಿಯಾರು, ಅವರೂ ಸರಾಸರಿ ಬುದ್ಧಿಯವರೇ. ನಾನು ಆ ಹುಡುಗಿಯ ಪಕ್ಕದಲ್ಲಿ ಕೂತು, ಗರಗಸದ ಮನೆಗಳಿಗೆಲ್ಲ ಒಂದೊಂದಾಗಿ ಫೋನ್ ಹಚ್ಚಿಸಿ, ವಂಕಿ ಯಾರ ತೋಳಿನಲ್ಲಿದೆ ಎಂದು ಕೇಳಿಸಿದ ಮೇಲೆಯೇ ಎದ್ದೆ.

ಕಮಿಟಿ ಕೂತಿತು, ಉಂಡಿತು, ಎದ್ದಿತು. ಅದರ ಫಲವನ್ನು ಹಿಡಿದುಕೊಂಡು ತನ್ಮಯ ಸ್ವತಃ ಚಂಪಕ್ಕನ ಮನೆಗೆ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲು ತೊಳೆದುಕೊಂಡು, ಬಹಳ ವಿನಯ. ಸದಸ್ಯತ್ವ ವಾಪಸು ಕೊಡುತ್ತಾರಂತೆ. ಪೆಟ್ಟಿಗೆ ತೆರೆದ. ಒಳಗೆ ಹೊಸ ವಂಕಿ. ಯಂತ್ರ ಅದೇ, ಸರಾಸರಿ ಅದೇ. ರಬ್ಬರಿನ ಬದಲು ರೇಷ್ಮೆಯ ಪಟ್ಟಿ, ಅಂಚಿಗೆ ಜರಿ.

"ನೋಡ್ರಿ ಅಮ್ಮಾ, ಮಡಿಗೆ ನಡೀತದ. ಶುದ್ಧ ರೇಷ್ಮಿ" ಅಂದ. "ಇನ್ನ ಯಾರ ಕೈಗೂ ಕಟ್ಟೂ ಕಾರಣ ಇಲ್ಲ. ಸಮಸ್ಯೆ ಮುಗೀತು."

ಶೀಲು ಪಟ್ಟಿಯನ್ನು ಮುಟ್ಟಿ ನೋಡಿ, "ಚಲೋ ಅದ" ಅಂದ. ಅವನಿಗೆ ಎಲ್ಲವೂ ಚಲೋ. ನಾನು ಬಾಯಿ ತೆರೆಯುವ ಮೊದಲೇ ಚಂಪಕ್ಕ, "ನನ್ನ ಕೈ ಇನ್ನೂ ಸರಿ ಇಲ್ಲಪ್ಪಾ. ನೀನ ಒಮ್ಮೆ ಕಟ್ಟಿಕೊಂಡು ತೋರಸು, ನೋಡ್ತೀನಿ" ಅಂದಳು.

ತನ್ಮಯ ವಂಕಿಯನ್ನು ತೋಳಿನ ಹತ್ತಿರ ಒಯ್ದವನು ಅಲ್ಲೇ ನಿಂತ. ಹಸಿರು ದೀಪ ಹೊತ್ತಿತ್ತು. ಕೈ ಕೆಳಗಿಳಿಸಿ ನಕ್ಕ. "ನನಗ್ಯಾಕ್ರೀ ಅಮ್ಮಾ? ನಾ ಆರಾಮ ಅದೀನಲ್ಲ."

ಅನಘಾ ಚಹಾದ ತಾಟು ತಂದು ಅವನ ಮುಂದೆ ಇಡುತ್ತಿದ್ದಳು. ಅತ್ತೆಯ ಮುಖ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ.

"ನಾನೂ ಆರಾಮನ ಇದ್ದೆ" ಅಂದಳು.